ಮೇಜಿನ ಮೇಲಿನ ಟ್ಯಾಬ್ ಯಾರ ಸುಪರ್ದಿಯಲ್ಲಿದೆ?

ಶಿವಮೊಗ್ಗ ಮತ್ತು ಭದ್ರಾವತಿಯ ಕಚೇರಿ, ಕ್ಲಿನಿಕ್, ಅಂಗಡಿಗಳಲ್ಲಿ ಈಗ ಟ್ಯಾಬ್ ಇಲ್ಲದೆ ಕೆಲಸ ಸಾಗದು. ಅದನ್ನು ಕಾಯುವ ಕ್ರಮ ಮಾತ್ರ ಇನ್ನೂ ಬಂದಿಲ್ಲ. ಬೀಗ, ವಹಿ, ಪಾಸ್‌ವರ್ಡ್ ಮೂರೂ ಒಟ್ಟಿಗೆ ಏಕೆ ಬೇಕು ಎಂಬುದರ ವಿಶೇಷ ಲೇಖನ.

ಕಚೇರಿಯ ಟ್ಯಾಬ್ ಕಳುವಾಗಿದೆ ಎಂದು ಶಿವಮೊಗ್ಗದ ದೊಡ್ಡಪೇಟೆ ಠಾಣೆಗೆ ಹೋಗಲಿ, ಭದ್ರಾವತಿಯ ನ್ಯೂಟೌನ್ ಠಾಣೆಗೆ ಹೋಗಲಿ, ದೂರು ಬರೆಯುವಾಗ ಬೇಕಾಗುವ ವಿವರ ಒಂದೇ. ಯಾವ ಕಂಪನಿಯದು? ಐಎಂಇಐ ನಂಬರ್ ಎಷ್ಟು? ಬಿಲ್ ಇದೆಯೇ? ಕೊನೆಗೆ ಯಾರ ಕೈಯಲ್ಲಿತ್ತು? ಮೊದಲನೆಯದಕ್ಕೆ ಎಲ್ಲರ ಬಳಿಯೂ ಉತ್ತರವಿರುತ್ತದೆ. ಉಳಿದ ಮೂರಕ್ಕೆ ಬರುವಾಗ ತಡವರಿಕೆ ಶುರುವಾಗುತ್ತದೆ. ನಂಬರ್ ಅಂಟಿಸಿದ್ದ ಡಬ್ಬಿಯನ್ನು ಎಸೆದಾಗಿದೆ. ಬಿಲ್ ಕೇಂದ್ರ ಕಚೇರಿಯ ಫೈಲಿನಲ್ಲಿದೆ. ಕೈಯಲ್ಲಿ ಹಿಡಿದವರು ಯಾರು ಎಂದರೆ, ಎಲ್ಲರೂ ಬಳಸುತ್ತಿದ್ದರು.

ಎಲ್ಲರೂ ಬಳಸುವ ವಸ್ತುವಿಗೆ ಯಾರೂ ಕಾವಲಿರುವುದಿಲ್ಲ. ಟ್ಯಾಬ್ ಕಳ್ಳತನದ ಮೂಲ ಇಲ್ಲಿದೆ. ಕಳ್ಳನ ಚಾಲಾಕಿತನದ ಮಾತು ಅದರ ನಂತರದ್ದು.

ಕಚೇರಿಗೆ ಟ್ಯಾಬ್ ಬಂದ ದಾರಿ

ಸರ್ಕಾರಿ ಕೆಲಸಕ್ಕೆ ಟ್ಯಾಬ್ ದೊಡ್ಡ ಪ್ರಮಾಣದಲ್ಲಿ ಇಳಿದದ್ದು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ. ಅದಕ್ಕೆಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಲಕ್ಷಗಟ್ಟಲೆ ಕಡಿಮೆ ಬೆಲೆಯ ಟ್ಯಾಬ್‌ಗಳನ್ನು ತಯಾರಿಸಿಕೊಟ್ಟಿತ್ತು. ಹತ್ತು ವರ್ಷದ ಬಳಿಕ, ಕೋವಿಡ್ ಕಾಲದಲ್ಲಿ, ಶಿಕಾರಿಪುರದ ಶಾಸಕರೂ ಆಗಿದ್ದ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ ವಿತರಣೆಗೆ ಚಾಲನೆ ಕೊಟ್ಟರು. 2021ರ ಜೂನ್‌ನ ಆ ಯೋಜನೆಯಲ್ಲಿ ಸುಮಾರು 1.55 ಲಕ್ಷ ಟ್ಯಾಬ್‌ಗಳ ಲೆಕ್ಕವಿತ್ತು. ಅಷ್ಟು ಹೊತ್ತಿಗೆ ಕಂದಾಯ, ಆರೋಗ್ಯ, ಕೃಷಿ, ವಿದ್ಯುತ್ ಎಲ್ಲ ಇಲಾಖೆಗಳ ಕ್ಷೇತ್ರ ಕೆಲಸವೂ ಆಪ್‌ಗಳ ಮೇಲೆ ನಿಂತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರಕ್ಕೆ ಕುಳಿತಾಗ, ಇಷ್ಟೊಂದು ಆಪ್‌ಗಳಲ್ಲಿ ಕೆಲಸ ಮಾಡಲು ಸಾಧನ ಕೊಡಿ ಎಂಬುದೂ ಅವರ ಬೇಡಿಕೆಗಳಲ್ಲಿತ್ತು.

ಖಾಸಗಿ ವಲಯ ಇನ್ನೂ ವೇಗವಾಗಿ ಹೋಯಿತು. ದುರ್ಗಿಗುಡಿಯ ಕ್ಲಿನಿಕ್‌ನಲ್ಲಿ ರೋಗಿಯ ವಿವರ ಬರೆದುಕೊಳ್ಳುವುದು, ಬಿ.ಎಚ್. ರಸ್ತೆಯ ಹೋಟೆಲಿನಲ್ಲಿ ಆರ್ಡರ್ ತೆಗೆದುಕೊಳ್ಳುವುದು, ಹಣಕಾಸು ಸಂಸ್ಥೆಯ ಪ್ರತಿನಿಧಿ ಹಳ್ಳಿಗೆ ಹೋಗಿ ಸಾಲದ ಅರ್ಜಿ ತುಂಬಿಸುವುದು, ಇವೆಲ್ಲ ಈಗ ಟ್ಯಾಬ್‌ನಲ್ಲೇ. ಹತ್ತು ಇಂಚಿನ ಈ ಹಲಗೆಯೊಳಗೆ ಜನರ ಆಧಾರ್ ಪ್ರತಿ, ಫೋಟೊ, ಪಹಣಿ, ರಕ್ತ ಪರೀಕ್ಷೆಯ ವರದಿ, ಬ್ಯಾಂಕ್ ಖಾತೆಯ ವಿವರ ಇರುತ್ತವೆ. ಹಿಂದೆ ಇಷ್ಟು ದಾಖಲೆಗೆ ಒಂದು ಕೋಣೆ ಬೇಕಿತ್ತು. ಆ ಕೋಣೆಗೆ ಬೀಗವಿತ್ತು, ಬೀಗದ ಕೈ ಯಾರ ಬಳಿ ಎಂಬುದು ಎಲ್ಲರಿಗೂ ಗೊತ್ತಿತ್ತು.

ಫೋನಿಗಿರುವ ಬಲೆ ಟ್ಯಾಬ್‌ಗಿಲ್ಲ

ಕಳೆದ ಕೆಲವು ವರ್ಷಗಳಲ್ಲಿ ಮೊಬೈಲ್ ಕಳೆದುಕೊಂಡವರಿಗೆ ಒಂದು ಭರವಸೆ ಹುಟ್ಟಿದೆ. ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ಎಂಬ ವ್ಯವಸ್ಥೆ 2019ರಲ್ಲಿ ಮುಂಬೈಯಿಂದ ಪ್ರಾಯೋಗಿಕವಾಗಿ ಶುರುವಾಗಿ, 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಪೋರ್ಟಲ್ ಮೂಲಕ ದೇಶಕ್ಕೆಲ್ಲ ತೆರೆದುಕೊಂಡಿತು. ಕಳೆದ ಫೋನಿನ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಅಲ್ಲಿ ನಮೂದಿಸಿದರೆ ಭಾರತದ ಯಾವ ಮೊಬೈಲ್ ಜಾಲದಲ್ಲೂ ಅದು ನಡೆಯದು. ಯಾರಾದರೂ ಹೊಸ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ಕರ್ನಾಟಕ ಪೊಲೀಸರು ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಶಿವಮೊಗ್ಗ ಜಿಲ್ಲೆಯಲ್ಲೂ ಹೀಗೆ ಪತ್ತೆಯಾದ ಫೋನ್‌ಗಳನ್ನು ವಾರಸುದಾರರಿಗೆ ಮರಳಿಸಿದ್ದಾರೆ.

ಟ್ಯಾಬ್‌ನ ವಿಷಯಕ್ಕೆ ಬಂದರೆ ಈ ಬಲೆಯಲ್ಲಿ ದೊಡ್ಡ ತೂತಿದೆ. ಐಎಂಇಐ ಇರುವುದು ಸಿಮ್ ಹಾಕಬಹುದಾದ ಟ್ಯಾಬ್‌ಗೆ ಮಾತ್ರ. ಕೆಲವು ಸಾವಿರ ಉಳಿಯುತ್ತದೆಂದು ಕಚೇರಿಗಳು ಕೊಳ್ಳುವ ವೈಫೈ ಮಾತ್ರದ ಮಾದರಿಗೆ ಆ ಸಂಖ್ಯೆಯೇ ಇಲ್ಲ. ಅದಕ್ಕಿರುವುದು ಕಂಪನಿ ಕೊಟ್ಟ ಸೀರಿಯಲ್ ನಂಬರ್. ಸಿಇಐಆರ್‌ನಲ್ಲಿ ಅದನ್ನು ತಡೆಯಲಾಗದು. ಸಿಮ್ ಇರುವ ಮಾದರಿಯನ್ನೂ ಕದ್ದವನು ಮನೆಯ ವೈಫೈಯಲ್ಲೇ ಬಳಸುತ್ತ ಕುಳಿತರೆ ಮೊಬೈಲ್ ಜಾಲಕ್ಕೆ ಅದರ ಸುಳಿವೇ ಹತ್ತುವುದಿಲ್ಲ.

ಇದರಿಂದ ಎರಡು ಪಾಠಗಳಿವೆ. ಕ್ಷೇತ್ರಕ್ಕೆ ಒಯ್ಯುವ ಟ್ಯಾಬ್ ಕೊಳ್ಳುವಾಗ ಸಿಮ್ ಇರುವ ಮಾದರಿಯನ್ನೇ ಆರಿಸಬೇಕು. ಆ ಹೆಚ್ಚುವರಿ ಹಣದಿಂದ ಇಂಟರ್ನೆಟ್ ಜೊತೆಗೆ ಪತ್ತೆಯ ಒಂದು ದಾರಿಯೂ ಸಿಗುತ್ತದೆ. ಎರಡನೆಯದು, ಕಳುವಾದ ಮೇಲೆ ಸಿಗುವ ನೆರವು ಕಡಿಮೆ ಇರುವುದರಿಂದ ಕಳುವಾಗುವ ಮೊದಲಿನ ಎಚ್ಚರ ಫೋನಿಗಿಂತ ಟ್ಯಾಬ್‌ಗೆ ಹೆಚ್ಚು ಬೇಕು.

ಕೈ ಬೀಳುವ ಹೊತ್ತು

ಕಚೇರಿಯಿಂದ ಟ್ಯಾಬ್ ಹೋಗುವುದಕ್ಕೆ ಹಾರೆ, ಗಡಾರಿ ಬೇಕಿಲ್ಲ. ಮಧ್ಯಾಹ್ನ ಊಟಕ್ಕೆ ಎದ್ದಾಗ ಮುಂಗಟ್ಟೆಯ ಮೇಲೆ ಉಳಿದ ಟ್ಯಾಬ್, ಕಿಟಕಿ ಪಕ್ಕದ ಪ್ಲಗ್ಗಿಗೆ ರಾತ್ರಿಯಿಡೀ ಚಾರ್ಜಿಗೆ ಹಾಕಿಟ್ಟ ಟ್ಯಾಬ್, ಸಭೆ ಮುಗಿದು ಎಲ್ಲರೂ ಕಾಫಿಗೆ ಹೊರಟಾಗ ಉದ್ದ ಮೇಜಿನ ಮೇಲೆ ಬಿದ್ದ ಟ್ಯಾಬ್, ಬೈಕಿನ ಸೈಡ್ ಬ್ಯಾಗಿನಲ್ಲಿಟ್ಟು ಟೀ ಕುಡಿಯಲು ನಿಲ್ಲಿಸಿದಾಗಿನ ಟ್ಯಾಬ್, ಇವನ್ನು ಒಯ್ಯಲು ಒಂದು ಕೈಚೀಲ ಸಾಕು. ಸಾರ್ವಜನಿಕರು ಬಂದು ಹೋಗುವ ಕಚೇರಿಯಲ್ಲಿ ಫೈಲಿನ ಅಡಿ ಟ್ಯಾಬ್ ಸೇರಿಸಿಕೊಂಡು ಹೊರಟವರನ್ನು ಯಾರೂ ತಡೆಯುವುದಿಲ್ಲ.

ರಾತ್ರಿಯ ಕಳ್ಳತನದ ರೀತಿ ಬೇರೆ. ಮಲೆನಾಡಿನಲ್ಲಿ ಹೆಂಚಿನ ಮಾಡಿನ ಹಳೆಯ ಕಟ್ಟಡಗಳಲ್ಲಿ ನಡೆಯುವ ಕಚೇರಿ, ಅಂಗಡಿ, ಶಾಲೆಗಳು ಇನ್ನೂ ಇವೆ. ಮುಂಬಾಗಿಲಿಗೆ ಎರಡು ಬೀಗ ಜಡಿದರೂ ಹೆಂಚು ಸರಿಸಿ ಒಳಗಿಳಿಯುವವರಿಗೆ ಅದು ಅಡ್ಡಿಯಾಗದು. ಜೋರು ಮಳೆಯ ರಾತ್ರಿ ಸದ್ದೂ ಕೇಳದು. ಇಂಥ ಕಟ್ಟಡದಲ್ಲಿ ಟ್ಯಾಬ್‌ಗಳು ಮೇಜಿನ ಡ್ರಾಯರಿನಲ್ಲಿ ಇರಲೇಬಾರದು. ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಬೀರು ಬೇಕು. ಹಗಲು ಚಾರ್ಜ್ ಮಾಡಿ, ಸಂಜೆ ತೆಗೆದು ಬೀರುವಿನಲ್ಲಿಡುವ ರೂಢಿ ಬೇಕು. ಗಾಳಿಯಾಡದ ಬೀರುವಿನೊಳಗೆ ವೈರ್ ಎಳೆದು ಚಾರ್ಜಿಗೆ ಹಾಕುವುದು ಸಲ್ಲದು. ಲಿಥಿಯಂ ಬ್ಯಾಟರಿ ಕಾವೇರಿ ಬೆಂಕಿಗೆ ಕಾರಣವಾಗಬಹುದು. ಹತ್ತಾರು ಟ್ಯಾಬ್ ಇರುವಲ್ಲಿ ಗಾಳಿಕಿಂಡಿಗಳಿರುವ, ಬೀಗ ಹಾಕುವ ಚಾರ್ಜಿಂಗ್ ಕಪಾಟು ಕೊಳ್ಳುವುದು ಸರಿ.

ಲ್ಯಾಪ್‌ಟಾಪ್‌ಗೆ ಉಕ್ಕಿನ ತಂತಿಯ ಕೆನ್ಸಿಂಗ್ಟನ್ ಬೀಗ 1990ರ ದಶಕದಿಂದ ಬಳಕೆಯಲ್ಲಿದೆ. ತೆಳ್ಳಗಿನ ಟ್ಯಾಬ್‌ಗಳಲ್ಲಿ ಆ ಬೀಗ ಸಿಕ್ಕಿಸುವ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕಾಗಿ ಟ್ಯಾಬ್ ಪೂರ್ತಿ ಕೂರುವ ಲೋಹದ ಚೌಕಟ್ಟು ಅಥವಾ ಹಿಂಬದಿಗೆ ಅಂಟಿಸುವ ಬೀಗದ ಪಟ್ಟಿ ಸಿಗುತ್ತದೆ. ಸಾರ್ವಜನಿಕರ ಎದುರು ಸದಾ ಒಂದೇ ಜಾಗದಲ್ಲಿರುವ ಟ್ಯಾಬ್‌ಗೆ ಇದು ಒಳ್ಳೆಯ ಉಪಾಯ. ಇದರ ಜೊತೆಗೆ ಕಚೇರಿಯ ಹೆಸರನ್ನೂ ಕ್ರಮಸಂಖ್ಯೆಯನ್ನೂ ಟ್ಯಾಬ್‌ನ ಬೆನ್ನಿನ ಮೇಲೆ ಅಳಿಸಲಾಗದಂತೆ ಕೊರೆಸಿಬಿಡಬೇಕು. ಹೆಸರು ಕೊರೆದ ಟ್ಯಾಬ್ ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಸುಲಭವಾಗಿ ಬಿಕರಿಯಾಗದು.

ಸಿಸಿಟಿವಿ ಇದೆಯಲ್ಲ ಎನ್ನುವವರಿದ್ದಾರೆ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೆಚ್ಚು ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಹಾಕಿ 30 ದಿನಗಳ ದೃಶ್ಯ ಉಳಿಸಿಕೊಳ್ಳಬೇಕೆಂದು ಹೇಳುತ್ತದೆ. ಆದರೆ ಕ್ಯಾಮೆರಾ ಕಳ್ಳತನವನ್ನು ನೋಡುತ್ತದೆ, ತಡೆಯುವುದಿಲ್ಲ. ಹೋಗುವಾಗ ಡಿವಿಆರ್ ಪೆಟ್ಟಿಗೆಯನ್ನೇ ಕಿತ್ತೊಯ್ದರೆ ನೋಡಿದ್ದೂ ಉಳಿಯದು. ಡಿವಿಆರ್ ಬೇರೆ ಕೋಣೆಯಲ್ಲಿ, ಬೀಗದೊಳಗೆ ಇರಬೇಕು.

ಗೇಟ್ ಪಾಸ್ ಬಲ್ಲ ಊರು

ವಸ್ತುವಿನ ಚಲನೆಗೆ ಲೆಕ್ಕವಿಡುವುದನ್ನು ಭದ್ರಾವತಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ವಿಶ್ವೇಶ್ವರಯ್ಯನವರ ಮುಂದಾಲೋಚನೆಯಿಂದ ಹುಟ್ಟಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಇವೆರಡರ ನೆರಳಲ್ಲಿ ತಲೆಮಾರುಗಳೇ ಬದುಕಿವೆ. ಕಾರ್ಖಾನೆಯ ಶಿಸ್ತಿನಲ್ಲಿ ಒಂದು ಸ್ಪ್ಯಾನರ್ ಹೊರಗೆ ಹೋಗಬೇಕಾದರೂ ಗೇಟ್ ಪಾಸ್ ಬೇಕು. ಮರಳಿ ಬರುವ ವಸ್ತುವಿಗೊಂದು ಚೀಟಿ, ಬಾರದ ವಸ್ತುವಿಗೆ ಇನ್ನೊಂದು. ಕೊಟ್ಟವರ ಸಹಿ, ಒಯ್ದವರ ಸಹಿ, ಗೇಟಿನವರ ಸಹಿ.

ಸರ್ಕಾರಿ ಕಚೇರಿಗಳಲ್ಲೂ ಈ ಶಿಸ್ತಿಗೆ ಬೇಕಾದ ವಹಿಗಳು ಇದ್ದೇ ಇವೆ. ಮೇಜು, ಕುರ್ಚಿ, ಬೀರುಗಳೆಲ್ಲ ಡೆಡ್ ಸ್ಟಾಕ್ ರಿಜಿಸ್ಟರ್‌ನಲ್ಲಿ ಬರುತ್ತವೆ. ನೌಕರರು ಹೊರಗೆ ಹೋದರೆ ಚಲನವಲನ ವಹಿಯಲ್ಲಿ ಬರೆಯುತ್ತಾರೆ. ಜೇಬಿನಲ್ಲಿ ಎಷ್ಟು ಹಣವಿದೆ ಎಂಬುದಕ್ಕೂ ನಗದು ಘೋಷಣಾ ವಹಿ ಇದೆ. ಹೀಗಿರುವಾಗ ನೂರಾರು ಜನರ ದಾಖಲೆ ಹೊತ್ತು ದಿನವೂ ಕೈ ಬದಲಾಯಿಸುವ ಟ್ಯಾಬ್‌ಗೆ ಡೆಡ್ ಸ್ಟಾಕ್‌ನ ಒಂದು ಸಾಲು ಸಾಲದು. ಅದಕ್ಕೆ ತನ್ನದೇ ಚಲನವಲನ ವಹಿ ಬೇಕು.

ಆ ವಹಿಯಲ್ಲಿ ಇರಬೇಕಾದದ್ದು ಬಹಳವೇನಿಲ್ಲ. ಟ್ಯಾಬ್‌ನ ಕ್ರಮಸಂಖ್ಯೆ, ಸೀರಿಯಲ್ ನಂಬರ್, ಐಎಂಇಐ, ಪಡೆದವರ ಹೆಸರು, ಪಡೆದ ಹೊತ್ತು, ಮರಳಿಸಿದ ಹೊತ್ತು, ಸಹಿ. ಸಂಜೆ ಬೀರುವಿಗೆ ಬೀಗ ಹಾಕುವವರು ಎಣಿಸಿ ಇನ್ನೊಂದು ಸಹಿ ಹಾಕಬೇಕು. ಹೀಗೆ ಮಾಡಿದರೆ ಟ್ಯಾಬ್ ಹೋದದ್ದು ಅಂದೇ ಗೊತ್ತಾಗುತ್ತದೆ. ವಾರದ ನಂತರ ಗೊತ್ತಾದರೆ ಕ್ಯಾಮೆರಾ ದೃಶ್ಯದಲ್ಲಿ ಯಾವ ದಿನ, ಯಾವ ಗಂಟೆ ಹುಡುಕಬೇಕೆಂಬುದೇ ತಿಳಿಯದು.

ಅನುಮಾನ ಯಾರ ತಲೆಗೆ?

ಈ ವಹಿಯ ಮಾತನ್ನು ಇಷ್ಟು ಒತ್ತಿ ಹೇಳಲು ಇನ್ನೂ ದೊಡ್ಡ ಕಾರಣವಿದೆ. ಕಚೇರಿಯಲ್ಲಿ ವಸ್ತು ಕಳುವಾದ ದಿನ ಮೊದಲ ಅನುಮಾನ ಬೀಳುವುದು ಕಸ ಗುಡಿಸುವವರ ಮೇಲೆ, ಡಿ ಗ್ರೂಪ್ ನೌಕರರ ಮೇಲೆ, ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಮೇಲೆ. ಅವರು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುತ್ತಾರೆ, ಸಂಜೆ ಎಲ್ಲರ ನಂತರ ಮುಚ್ಚುತ್ತಾರೆ ಎಂಬುದೇ ಅವರ ವಿರುದ್ಧದ ಸಾಕ್ಷಿಯಾಗುತ್ತದೆ. ಹನ್ನೊಂದು ತಿಂಗಳ ಗುತ್ತಿಗೆಯವರಿಗೆ ಅನುಮಾನವೇ ಸಾಕು, ಮುಂದಿನ ಬಾರಿ ನವೀಕರಣ ಆಗುವುದಿಲ್ಲ. ಏನೂ ಸಾಬೀತಾಗದೆ ಅನ್ನ ಹೋಗುತ್ತದೆ.

ಕಾನೂನು ಇಂಥ ಅನುಮಾನದ ಪರವಾಗಿಲ್ಲ. ನೌಕರನ ಸಂಬಳದಿಂದ ನಷ್ಟ ಮುರಿದುಕೊಳ್ಳಬೇಕಾದರೆ ಆ ವಸ್ತುವನ್ನು ಅವನ ಸುಪರ್ದಿಗೆ ಸ್ಪಷ್ಟವಾಗಿ ಒಪ್ಪಿಸಿರಬೇಕು, ನಷ್ಟ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಅವನಿಗೆ ಸಮಜಾಯಿಷಿ ಕೊಡಲು ಅವಕಾಶ ಸಿಗಬೇಕು. 1936ರ ವೇತನ ಪಾವತಿ ಕಾಯ್ದೆ ಹೇಳಿದ ಈ ಮಾತನ್ನು ಈಗ ಜಾರಿಯಲ್ಲಿರುವ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಸರ್ಕಾರಿ ನೌಕರರ ವಿಷಯದಲ್ಲಿ 1957ರ ಕರ್ನಾಟಕ ನಾಗರಿಕ ಸೇವಾ ನಿಯಮಗಳು ನಷ್ಟದ ವಸೂಲಿಯನ್ನು ಒಂದು ದಂಡನೆಯಾಗಿಯೇ ಎಣಿಸುತ್ತವೆ. ದಂಡನೆ ಎಂದ ಮೇಲೆ ಅದಕ್ಕೊಂದು ವಿಚಾರಣೆಯ ಕ್ರಮವಿದೆ. ಎಲ್ಲರೂ ಚಂದಾ ಎತ್ತಿ ಟ್ಯಾಬ್‌ನ ದುಡ್ಡು ತುಂಬಿಕೊಡಿ ಎನ್ನುವ ಕಚೇರಿಯ ಪಂಚಾಯಿತಿಕೆಗೆ ಯಾವ ನಿಯಮದ ಆಧಾರವೂ ಇಲ್ಲ.

ಸಹಿ ಮಾಡಿ ಪಡೆದು, ಸಹಿ ಮಾಡಿ ಮರಳಿಸಿದ ನೌಕರನನ್ನು ಯಾರೂ ಬೆರಳು ಮಾಡಿ ತೋರಿಸಲಾರರು. ವಹಿ ಎಂದರೆ ಹೊಸ ಕಿರಿಕಿರಿ ಎಂದು ಗೊಣಗುವ ಸಿಬ್ಬಂದಿಗೆ ಇದನ್ನು ಬಿಡಿಸಿ ಹೇಳಬೇಕು. ಅದು ಟ್ಯಾಬ್‌ಗಿಂತ ಮೊದಲು ಅವರ ಮಾನವನ್ನು ಕಾಯುತ್ತದೆ.

ಒಳಗಿನ ಬೀಗ

ಹೊರಗಿನ ಬೀಗ ಒಡೆದ ಮೇಲೆ ಒಳಗಿನದು ಕೆಲಸಕ್ಕೆ ಬರಬೇಕು. ಆಪಲ್ ಕಂಪನಿ 2013ರಲ್ಲಿ ಆಕ್ಟಿವೇಷನ್ ಲಾಕ್ ತಂದಿತು. ಮಾಲೀಕರ ಖಾತೆಯ ಪಾಸ್‌ವರ್ಡ್ ಇಲ್ಲದೆ ಕದ್ದ ಐಪ್ಯಾಡನ್ನು ಮತ್ತೆ ಚಾಲೂ ಮಾಡಲಾಗದು. ಆಂಡ್ರಾಯ್ಡ್ ಟ್ಯಾಬ್‌ಗಳಿಗೆ 2015ರ 5.1 ಆವೃತ್ತಿಯಿಂದ ಇಂಥದೇ ರಕ್ಷಣೆ ಬಂತು. ಕಳ್ಳ ಬಟನ್ ಒತ್ತಿ ಎಲ್ಲವನ್ನೂ ಅಳಿಸಿದರೂ ಅದು ಹಳೆಯ ಗೂಗಲ್ ಖಾತೆಯನ್ನೇ ಕೇಳುತ್ತದೆ. ಆದರೆ ಈ ರಕ್ಷಣೆಗೆ ಎರಡು ಷರತ್ತುಗಳಿವೆ: ಟ್ಯಾಬ್‌ನಲ್ಲಿ ಖಾತೆ ಇರಬೇಕು, ಪರದೆಗೆ ಲಾಕ್ ಇರಬೇಕು. ಎಲ್ಲರೂ ಬಳಸಲಿ ಎಂದು ಲಾಕ್ ತೆಗೆದಿಟ್ಟ ಟ್ಯಾಬ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಖಾತೆ ಕಿತ್ತುಹಾಕಲು ಹೆಚ್ಚು ಹೊತ್ತು ಬೇಡ.

ಇನ್ನೊಂದು ಎಡವಟ್ಟು ಎಲ್ಲೆಡೆ ಇದೆ. ಹೊಸ ಟ್ಯಾಬ್ ಬಂದ ದಿನ ಕೈಗೆ ಸಿಕ್ಕ ಆಪರೇಟರ್ ತನ್ನ ಸ್ವಂತ ಜಿಮೇಲ್ ಹಾಕಿ ಶುರು ಮಾಡಿಬಿಡುತ್ತಾನೆ. ಆತ ಸಾಗರಕ್ಕೋ ತೀರ್ಥಹಳ್ಳಿಗೋ ವರ್ಗವಾದ ಮೇಲೆ ಟ್ಯಾಬ್ ಕಳುವಾದರೆ, ದೂರದಿಂದ ಲಾಕ್ ಮಾಡುವ ಅಧಿಕಾರ ಕಚೇರಿಗೆ ಇರುವುದೇ ಇಲ್ಲ. ಕಚೇರಿಯದೇ ಖಾತೆ ತೆರೆದು, ಅದರ ಪಾಸ್‌ವರ್ಡನ್ನು ಮುಖ್ಯಸ್ಥರ ಸುಪರ್ದಿಯಲ್ಲಿ ಇಡಬೇಕು. ಪ್ರಭಾರ ವಹಿಸಿಕೊಡುವಾಗ ಬೀಗದ ಕೈ ಜೊತೆ ಅದೂ ಚಾರ್ಜ್ ಲಿಸ್ಟ್‌ನಲ್ಲಿ ಬರಬೇಕು. ಟ್ಯಾಬ್‌ಗಳು ಹೆಚ್ಚಿದ್ದರೆ ಎಂಡಿಎಂ ಎಂಬ ನಿರ್ವಹಣಾ ತಂತ್ರಾಂಶ ಹಾಕಿಸಬಹುದು. ಅದರಿಂದ ಒಂದೇ ಜಾಗದಲ್ಲಿ ಕುಳಿತು ಎಲ್ಲ ಟ್ಯಾಬ್‌ಗಳನ್ನೂ ನೋಡಬಹುದು, ಬೇಡದ ಆಪ್ ತಡೆಯಬಹುದು, ಕಳುವಾದದ್ದನ್ನು ಇಂಟರ್ನೆಟ್ ಸಿಕ್ಕ ಕ್ಷಣ ಅಳಿಸಬಹುದು. ಹೊಸ ಟ್ಯಾಬ್‌ಗಳು ತಮ್ಮೊಳಗಿನ ಮಾಹಿತಿಯನ್ನು ಗೂಢಲಿಪಿಯಲ್ಲೇ ಇಡುತ್ತವೆ. ಮೆಮೊರಿ ಕಾರ್ಡ್‌ಗೆ ಸಾಮಾನ್ಯವಾಗಿ ಆ ರಕ್ಷಣೆ ಇಲ್ಲ. ಜನರ ದಾಖಲೆಗಳನ್ನು ಕಾರ್ಡ್‌ನಲ್ಲಿ ಇಡಲೇಬಾರದು.

ಯಂತ್ರಕ್ಕಿಂತ ಒಳಗಿನ ಮಾಹಿತಿ ದುಬಾರಿ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಸಾಕು. 2006ರಲ್ಲಿ ಅಲ್ಲಿನ ನಿವೃತ್ತ ಸೈನಿಕರ ಇಲಾಖೆಯ ನೌಕರರೊಬ್ಬರ ಮನೆಯಿಂದ ಲ್ಯಾಪ್‌ಟಾಪ್ ಮತ್ತು ಡಿಸ್ಕ್ ಕಳುವಾದವು. ಅದರಲ್ಲಿ 2.65 ಕೋಟಿ ಜನರ ಹೆಸರು, ಜನ್ಮದಿನಾಂಕ, ಗುರುತಿನ ಸಂಖ್ಯೆಗಳಿದ್ದವು. ವಸ್ತು ಕೆಲವೇ ವಾರಗಳಲ್ಲಿ ಸಿಕ್ಕಿತು, ಮಾಹಿತಿಯನ್ನು ಯಾರೂ ತೆರೆದಂತೆ ಕಾಣಲಿಲ್ಲ. ಆದರೂ ಮೊಕದ್ದಮೆ ಇತ್ಯರ್ಥಕ್ಕೆ 2009ರಲ್ಲಿ ಇಲಾಖೆ 2 ಕೋಟಿ ಡಾಲರ್ ಒಪ್ಪಿಕೊಳ್ಳಬೇಕಾಯಿತು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ, ಹಂತಹಂತವಾಗಿ ಜಾರಿಯಾಗುತ್ತಿವೆ. ಜನರ ಮಾಹಿತಿಗೆ ಸೂಕ್ತ ರಕ್ಷಣೆ ಕೊಡದ ಸಂಸ್ಥೆಗೆ ಗರಿಷ್ಠ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅಲ್ಲಿ ಅವಕಾಶವಿದೆ. ಕ್ಲಿನಿಕ್‌ನಿಂದ ಕಳುವಾದ ಟ್ಯಾಬ್‌ನ ನಿಜವಾದ ಸಂತ್ರಸ್ತರು ಒಳಗೆ ಹೆಸರಿರುವ ರೋಗಿಗಳು. ಅವರಿಗೆ ಅದು ತಿಳಿಯುವುದೂ ಇಲ್ಲ.

ಕಳುವಾದ ಮೇಲಿನ ದಾರಿ

ಹೋದದ್ದು ಗೊತ್ತಾದ ಕೂಡಲೇ ಮಾಡಬೇಕಾದದ್ದು ದೂರದಿಂದ ಲಾಕ್. ಗೂಗಲ್ ಅಥವಾ ಆಪಲ್‌ನ ಹುಡುಕುವ ಸೇವೆಯಲ್ಲಿ ಟ್ಯಾಬ್‌ನ ಕೊನೆಯ ಸ್ಥಳ ನೋಡಿ, ಕಳೆದಿದೆ ಎಂದು ಗುರುತು ಹಾಕಬೇಕು. ಪೂರ್ತಿ ಅಳಿಸಿದರೆ ಹುಡುಕುವ ದಾರಿ ಮುಚ್ಚಬಹುದು. ಆದ್ದರಿಂದ ಸೂಕ್ಷ್ಮ ಮಾಹಿತಿ ಇದ್ದರೆ ಮಾತ್ರ ಆ ಹೆಜ್ಜೆ. ಟ್ಯಾಬ್‌ನಲ್ಲಿ ತೆರೆದಿದ್ದ ಇಮೇಲ್ ಮತ್ತು ಇಲಾಖಾ ಆಪ್‌ಗಳ ಪಾಸ್‌ವರ್ಡ್ ಬದಲಿಸಬೇಕು, ಸಿಮ್ ಬಂದ್ ಮಾಡಿಸಬೇಕು. ನಕ್ಷೆಯಲ್ಲಿ ಚುಕ್ಕಿ ಕಂಡಿತೆಂದು ತಾವೇ ಆ ಮನೆಯ ಬಾಗಿಲು ತಟ್ಟಲು ಹೋಗಬಾರದು. ಆ ಮಾಹಿತಿಯನ್ನು ಪೊಲೀಸರಿಗೆ ಕೊಡಬೇಕು.

ಕಳುವಾಗಿದೆ ಎಂದು ಖಾತ್ರಿಯಿದ್ದರೆ ಎಫ್‌ಐಆರ್ ಬೇಕೇ ಬೇಕು. ಪೊಲೀಸ್ ಇಲಾಖೆಯ ಇ-ಲಾಸ್ಟ್ ಸ್ವೀಕೃತಿ ಕಳೆದುಹೋದ ವಸ್ತುಗಳಿಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಇಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿ ಮೂರು ದಿನದೊಳಗೆ ಸಹಿ ಹಾಕಬಹುದು, ಎಫ್‌ಐಆರ್ ಪ್ರತಿ ಉಚಿತವಾಗಿ ಪಡೆಯಬಹುದು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆ. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಸ್ವತ್ತು ಕದ್ದರೆ 305ನೇ ಕಲಂ ಅಡಿ ಅದು ಏಳು ವರ್ಷದವರೆಗೆ ಏರುತ್ತದೆ. ಕದ್ದದ್ದೆಂದು ತಿಳಿದೂ ಕೊಂಡವರಿಗೂ ಶಿಕ್ಷೆಯಿದೆ. ಸೆಕೆಂಡ್‌ಹ್ಯಾಂಡ್ ಟ್ಯಾಬ್ ಕೊಳ್ಳುವವರು ಕೆವೈಎಂ ಎಂದು ಬರೆದು ಐಎಂಇಐ ಸೇರಿಸಿ 14422ಕ್ಕೆ ಸಂದೇಶ ಕಳಿಸಿದರೆ ಆ ಸಂಖ್ಯೆಯ ಸ್ಥಿತಿ ತಿಳಿಯುತ್ತದೆ.

ವಿಮೆ ಇದ್ದರೂ ಷರತ್ತು ಓದಬೇಕು. ಕನ್ನಗಳವಿನ ಪಾಲಿಸಿಗಳು ಸಾಮಾನ್ಯವಾಗಿ ಬಾಗಿಲು, ಕಿಟಕಿ ಒಡೆದ ಗುರುತು ಕೇಳುತ್ತವೆ. ಮೇಜಿನಿಂದ ಸದ್ದಿಲ್ಲದೆ ಎತ್ತಿಕೊಂಡು ಹೋದದ್ದಕ್ಕೆ ಅವು ಹಣ ಕೊಡದಿರಬಹುದು. ವಸ್ತು ಸಿಗದೆ ಹೋದರೆ ಪೊಲೀಸರು ಸಲ್ಲಿಸುವ ಸಿ ರಿಪೋರ್ಟ್‌ನ ಪ್ರತಿ ವಿಮೆಗೆ ಬೇಕಾಗಬಹುದು. ಸಿಕ್ಕರೆ, ಪ್ರಕರಣ ಮುಗಿಯುವವರೆಗೆ ಠಾಣೆಯಲ್ಲಿ ಕೊಳೆಯಲು ಬಿಡಬೇಕಿಲ್ಲ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಜಪ್ತಿ ವಸ್ತುಗಳನ್ನು ಠಾಣೆಯಲ್ಲಿ ದೀರ್ಘಕಾಲ ಇಡಬಾರದೆಂದು ಹೇಳಿದೆ. ಬಿಲ್ ಮತ್ತು ಸೀರಿಯಲ್ ನಂಬರ್ ತೋರಿಸಿ ನ್ಯಾಯಾಲಯದಿಂದ ಮಧ್ಯಂತರ ಸುಪರ್ದಿಗೆ ಪಡೆಯಬಹುದು. ಕ್ಯಾಮೆರಾ ದೃಶ್ಯ ಸಾಕ್ಷಿಯಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರವೂ ಬೇಕು.

ಈ ವಾರವೇ ಮಾಡಬಹುದಾದದ್ದು

• ಪ್ರತಿ ಟ್ಯಾಬ್‌ನ ಸೀರಿಯಲ್ ನಂಬರ್, ಐಎಂಇಐ ಬರೆದಿಡಿ. ಬಿಲ್‌ನ ಪ್ರತಿಯನ್ನು ಕಚೇರಿಯಲ್ಲೇ ಇರಿಸಿ.
• ಪರದೆ ಲಾಕ್ ಹಾಕಿ. ಸ್ವಂತ ಜಿಮೇಲ್ ತೆಗೆದು ಕಚೇರಿ ಖಾತೆ ಸೇರಿಸಿ.
• ದೂರದಿಂದ ಹುಡುಕುವ, ಲಾಕ್ ಮಾಡುವ ಸೇವೆ ಚಾಲೂ ಇದೆಯೇ ಎಂದು ಒಮ್ಮೆ ಪರೀಕ್ಷಿಸಿ.
• ಟ್ಯಾಬ್‌ಗೊಂದು ಚಲನವಲನ ವಹಿ ತೆರೆಯಿರಿ. ಸಂಜೆ ಎಣಿಸಿ ಬೀರುವಿಗೆ ಸೇರಿಸಿ.
• ಬೆನ್ನಿನ ಮೇಲೆ ಕಚೇರಿಯ ಹೆಸರು ಕೊರೆಸಿ.

ಇವುಗಳಲ್ಲಿ ಬಹುಪಾಲು ಕೆಲಸಕ್ಕೆ ದುಡ್ಡು ಬೇಡ, ಮೇಲಧಿಕಾರಿಗಳ ಮಂಜೂರಾತಿಯೂ ಬೇಡ. ಬೇಕಾದದ್ದು ಕಚೇರಿಯ ಮುಖ್ಯಸ್ಥರ ಮನಸ್ಸು. ತಮ್ಮ ಟ್ಯಾಬನ್ನು ಮೇಜಿನ ಮೇಲೆ ಬಿಟ್ಟು ಮನೆಗೆ ಹೋಗುವ ಅಧಿಕಾರಿ ಗುಮಾಸ್ತರಿಂದ ಸಹಿ ಕೇಳಿದರೆ ಆ ವಹಿ ತಿಂಗಳಲ್ಲೇ ಮೂಲೆ ಸೇರುತ್ತದೆ. ತಹಶೀಲ್ದಾರರಿರಲಿ, ಡಾಕ್ಟರಿರಲಿ, ಮ್ಯಾನೇಜರಿರಲಿ, ವಹಿಯ ಮೊದಲ ಸಾಲಿನಲ್ಲಿ ಅವರ ಹೆಸರು, ಅವರ ಸಹಿ ಇರಬೇಕು. ಹಾಗಾದರೆ ಉಳಿದವರು ತಾವಾಗಿಯೇ ಪೆನ್ನು ಹಿಡಿಯುತ್ತಾರೆ, ಕಳುವಿನ ಅನುಮಾನ ಕಸ ಗುಡಿಸುವವರ ತಲೆಗೆ ಬರುವುದೂ ನಿಲ್ಲುತ್ತದೆ.